ಮಾಲಿನಿಯ ಮನೆಶಾಲೆ

ಹನೂರಿನ ಹಿಂದಿನ ಬೀದಿಯ ಆ ಬಾಡಿಗೆ ಮನೆಯಲ್ಲಿ ಬೆಳಗಿನ ಹೊತ್ತು ಮಾಲಿನಿಗೆ ಕೂರಲು ಪುರುಸೊತ್ತಿರಲಿಲ್ಲ. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದ ದಿನ ಬಿಂದಿಗೆ, ಬಕೆಟ್ಟು, ಡ್ರಮ್ಮು, ಕೊನೆಗೆ ಕುಕ್ಕರನ್ನೂ ಬಿಡದೆ ತುಂಬಿಡಬೇಕು. ಗಂಡ ಉದಯಕುಮಾರ ಕೊಳ್ಳೇಗಾಲದಿಂದ ಪಾಲಾರಿನ ಕಡೆಗೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ಕತ್ತಲೆ ಹರಿಯುವ ಮುಂಚೆಯೇ ಅವನಿಗೆ ಬುತ್ತಿ ಕಟ್ಟಿ ಕಳಿಸಬೇಕು. ಅತ್ತೆ ಚನ್ನಮಲ್ಲಮ್ಮನ ಸ್ನಾನ, ವಿಭೂತಿ, ಪೂಜೆ ಮುಗಿಯುವಷ್ಟರಲ್ಲಿ ಬಿಸಿ ರೊಟ್ಟಿ ತಟ್ಟಿರಬೇಕು. ಇಷ್ಟೆಲ್ಲ ಆದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿ, ಸೆರಗಿಗೆ ಕೈ ಒರೆಸಿಕೊಂಡು, ಮಾಲಿನಿ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಮೇಡಂ ಆಗಬೇಕು.

ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವುದು ಅವಳು ಯಾವುದೋ ಪುಸ್ತಕ ಓದಿ ಹುಟ್ಟಿಸಿಕೊಂಡ ಆಸೆಯಲ್ಲ. ದೊಡ್ಡವಳು ನಾಗಶ್ರೀಗೆ ಮಾತು ಉಗ್ಗುತ್ತಿತ್ತು. ಹೇಳಬೇಕಾದ ಮಾತಿನ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಂಡು, ಮುಖ ಕೆಂಪಾಗಿ, ಕಣ್ಣು ಮುಚ್ಚಿಹೋಗುತ್ತಿತ್ತು. ಸಾಲ ಸೋಲ ಮಾಡಿ ಸೇರಿಸಿದ್ದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂದು ದಿನ, ಒಂದು ವಾಕ್ಯ ಪೂರ್ತಿ ಹೇಳುವವರೆಗೂ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಇಡೀ ಕ್ಲಾಸು ಅವಳ ಹಾಗೇ ಉಗ್ಗಿ ನಕ್ಕಿತು. ಆಮೇಲಿನಿಂದ ಬೆಳಿಗ್ಗೆ ವ್ಯಾನಿನ ಹಾರನ್ ಕೇಳಿದರೆ ಹುಡುಗಿ ಬಚ್ಚಲಿಗೆ ಓಡಿ ತಿಂದದ್ದನ್ನೆಲ್ಲ ಕಕ್ಕುತ್ತಿದ್ದಳು. ಮಾಲಿನಿ ಕೆಲವು ದಿನ ನೋಡಿದಳು, ಶಾಲೆಗೆ ಹೋಗಿ ಬೇಡಿಕೊಂಡಳು, ಕೊನೆಗೆ ಬಿಡಿಸಿದಳು. ಅಕ್ಕ ಮನೆಯಲ್ಲಿದ್ದು ತಂಗಿ ಒಬ್ಬಳೇ ಹೋಗುವುದು ಹೇಗೆ ಅಂತ ಚಿಕ್ಕವಳು ಸಿಂಚನಳನ್ನೂ ನಿಲ್ಲಿಸಿದಳು. ವ್ಯಾನಿನ ಖರ್ಚು ಉಳಿಯುತ್ತದೆ ಅನ್ನುವುದೂ ಆಗ ಮನಸ್ಸಿಗೆ ಬಾರದೆ ಇರಲಿಲ್ಲ.

ಉಳಿಯಿತೆಂದುಕೊಂಡದ್ದು ಉಳಿಯಲಿಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ ಮೇಲೆ ಉದಯಕುಮಾರನ ಬಸ್ಸಿನ ಕಲೆಕ್ಷನ್ ಬಿದ್ದುಹೋಗಿ, ಮಾಲೀಕ ದಿನದ ಭತ್ಯೆ ಬಾಟಾ ಇಳಿಸಿದ. ಗೃಹಲಕ್ಷ್ಮಿ ದುಡ್ಡು ಅತ್ತೆಯ ಹೆಸರಿಗೆ ಬರುತ್ತಿತ್ತು. ಬಂದ ತಿಂಗಳು ಅದು ಅವಳ ಬಿಪಿ ಮಾತ್ರೆಗೂ ಕರೆಂಟ್ ಬಿಲ್ಲಿಗೂ ಸರಿಹೋಗುತ್ತಿತ್ತು. ಬಾಡಿಗೆಗೆ, ತರಕಾರಿಗೆ, ಮಕ್ಕಳ ಪುಸ್ತಕಕ್ಕೆ ಮಾಲಿನಿ ಸೀರೆಗೆ ಕುಚ್ಚು ಕಟ್ಟಲು ಹಿಡಿದಳು. ಕೊಳ್ಳೇಗಾಲದಲ್ಲಿ ಶಿವರತ್ನಮ್ಮ ಅನ್ನುವವರ ಸೀರೆ ಅಂಗಡಿ. ಅಲ್ಲಿಂದ ರೇಷ್ಮೆ ಸೀರೆಗಳನ್ನು ತಂದು, ಸೆರಗಿನ ತುದಿಯ ಎಳೆಗಳನ್ನು ಬಿಡಿಸಿ, ಮಣಿ ಪೋಣಿಸಿ, ಗಂಟು ಹಾಕಿ ಒಯ್ದು ಕೊಡಬೇಕು. ಸೀರೆ ತರಲು ಅವಳು ಹತ್ತುತ್ತಿದ್ದದ್ದು ಸರ್ಕಾರಿ ಬಸ್ಸನ್ನೇ. ಕಿಟಕಿಯ ಎದುರಿಗೆ ಗಂಡನ ಬಸ್ಸು ಖಾಲಿ ಸೀಟುಗಳೊಂದಿಗೆ ಹಾದುಹೋದರೆ ಅವಳು ಮುಖ ಈಚೆಗೆ ತಿರುಗಿಸಿಕೊಳ್ಳುತ್ತಿದ್ದಳು.

ಹೀಗೆ ಎರಡು ವರ್ಷ ನಡೆಯಿತು. ಕೈ ಕುಚ್ಚು ಕಟ್ಟುತ್ತಿತ್ತು, ಬಾಯಿ ಪಾಠ ಹೇಳುತ್ತಿತ್ತು, ಕಿವಿ ಒಲೆಯ ಮೇಲಿನ ಕುಕ್ಕರಿನ ಕಡೆಗೆ. ನಾಗಶ್ರೀ ಮಾತ್ರ ಮನೆಯಲ್ಲಿ ಚೆನ್ನಾಗಿ ಓದಿಕೊಂಡಳು. ಬೈಯುವವರಿಲ್ಲ, ನಗುವವರಿಲ್ಲ. ಅವಳು ಒಂದು ಪದಕ್ಕೆ ಎಷ್ಟು ಹೊತ್ತು ತೆಗೆದುಕೊಂಡರೂ ಮಾಲಿನಿ ಗಂಟು ಹಾಕುತ್ತಾ ಕಾಯುತ್ತಿದ್ದಳು. ಸಿಂಚನಳದ್ದೇ ಕಷ್ಟ. ಅವಳಿಗೆ ಒಂದು ಲೆಕ್ಕ ಮಾಡುವಷ್ಟರಲ್ಲಿ ಬಾಯಾರಿಕೆ, ಇನ್ನೊಂದು ಮುಗಿಯುವಷ್ಟರಲ್ಲಿ ಬಚ್ಚಲು. ಬೀದಿಯ ತುದಿಯ ಸರ್ಕಾರಿ ಶಾಲೆಯ ಬೆಲ್ ಹೊಡೆದರೆ ಪೆನ್ಸಿಲ್ ಬಿಟ್ಟು ಗೇಟಿಗೆ ಓಡುವಳು.

ಆ ಸೋಮವಾರ ಬೇಳೆ ಬೇಯುತ್ತಿದ್ದಾಗಲೇ ಗ್ಯಾಸ್ ಮುಗಿಯಿತು. ಹೊಸ ಸಿಲಿಂಡರ್ ತರಿಸುವುದು ಸಂಬಳ ಆದ ಮೇಲಿನ ಮಾತು. ಮಾಲಿನಿ ಅರ್ಧ ಬೆಂದ ಬೇಳೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ಮೂರು ಕಲ್ಲಿನ ಒಲೆ ಇತ್ತು, ತೆಂಗಿನ ಗರಿ ಇತ್ತು, ಆದರೆ ಗರಿ ಹಸಿ. ಊದಿ ಊದಿ ಕಣ್ಣಲ್ಲಿ ನೀರು ಸುರಿಯಿತು. ಮರುದಿನ ಬೆಳಿಗ್ಗೆಯೇ ಕೊಡಬೇಕಾದ ಮದುವೆ ಸೀರೆಗಳು ಒಳಗೆ ಕಾದು ಕುಳಿತಿದ್ದವು.

"ನಾಗೂ, ನೀನು ಸಮಾಜ ಓದ್ಕೊ. ತಂಗಿಗೆ ಭಾಗಾಕಾರ ಕೊಟ್ಟಿವ್ನಿ, ಮಾಡುಸ್ತಿರು" ಅಂದಳು.

ಚನ್ನಮಲ್ಲಮ್ಮ ಜಗಲಿಯಿಂದಲೇ ಅಂದಳು: "ಆ ಪಾಠನ ಸ್ಕೂಲಲ್ಲಿ ಯೋಳ್ಕೊಟ್ಟು, ಮಧ್ಯಾನ ಊಟನೂ ಆಕಿ ಕಳುಸ್ತರೆ. ನೀನಿಲ್ಲಿ ಹೊಗೆ ಕುಡ್ಕಂಡು ಸಾಯಿ."

ಮಾಲಿನಿ ಮತ್ತೆ ಒಲೆಗೆ ಬಾಗಿ ಊದಿದಳು. ಉತ್ತರ ಕೊಡಲೂ ಒಂದಿಷ್ಟು ತ್ರಾಣ ಬೇಕು. ಬೇಳೆ ಬೆಂದು, ಸಾರು ಕುದಿದು, ಅನ್ನ ಬಸಿದು ಒಳಗೆ ಬಂದವಳು ಹಾಗೆಯೇ ಸೀರೆ ಎತ್ತಿಕೊಂಡು ಕುಳಿತಳು. ಅತ್ತೆ ಜಗಲಿಯಲ್ಲಿ ತೂಕಡಿಸುತ್ತಿದ್ದಳು, ನಾಗಶ್ರೀ ಪುಸ್ತಕದಲ್ಲಿ ಮುಳುಗಿದ್ದಳು. ಸಿಂಚನ ಕಾಣಲಿಲ್ಲ. ಪಕ್ಕದ ಮನೆ ಕವಿತಳ ಹತ್ತಿರ ಟೀವಿ ನೋಡುತ್ತಿರಬೇಕು, ಇರಲಿ ಬಿಡು, ಅಷ್ಟು ಹೊತ್ತು ಗಲಾಟೆ ಇಲ್ಲ ಅಂದುಕೊಂಡಳು. ಆ ನಿಶ್ಶಬ್ದ ಅವಳಿಗೆ ಹಿತವಾಗಿಯೇ ಇತ್ತು. ಊಟಕ್ಕೆ ತಟ್ಟೆ ಹಾಕಿ ಕರೆದಾಗ ಕವಿತ ಕಾಂಪೌಂಡಿನ ಮೇಲಿಂದ ಇಣುಕಿ, "ಇಲ್ವಲ್ಲಕ್ಕ, ಬೆಳಗ್ಗಿಂದ ಈ ಕಡೆ ಬಂದೇ ಇಲ್ಲ" ಅಂದಳು.

ಮಾಲಿನಿ ತಟ್ಟೆ ಅಲ್ಲೇ ಬಿಟ್ಟು ಎದ್ದಳು. ಹಿತ್ತಲು, ಬಚ್ಚಲು, ಮಹಡಿ ಮೆಟ್ಟಿಲು ನೋಡಿದಳು. ನೀರಿನ ಡ್ರಮ್ಮಿನೊಳಗೂ ಇಣುಕಿದಳು. ಬರಿಗಾಲಲ್ಲೇ ಬೀದಿಗೆ ಓಡಿದಳು. ಮುಖ್ಯರಸ್ತೆಯಲ್ಲಿ ಲಾರಿಗಳು ಬುಸುಗುಟ್ಟುತ್ತಾ ಹೋಗುತ್ತಿದ್ದವು. ಯಾರನ್ನು ಕೇಳುವುದು, ಯಾವ ಕಡೆ ಹೋಗುವುದು ತಿಳಿಯದೆ ಅವಳು ಕ್ಷಣ ಹೊತ್ತು ಸುಮ್ಮನೆ ನಿಂತುಬಿಟ್ಟಳು.

ಆಗ ನಾಗಶ್ರೀ ಅವಳನ್ನು ದಾಟಿಕೊಂಡು ಓಡಿದಳು. ಮೂಲೆಯಲ್ಲಿ ಹೂವು ಮಾರುವ ಪುಟ್ಟಗೌರಮ್ಮನ ಮುಂದೆ ನಿಂತಳು. ಅಂಗಡಿಗೆ ಹೋದರೆ ಚೀಟಿ ತೋರಿಸಿ ಸಾಮಾನು ತರುವ ಹುಡುಗಿ ಅದು. ಹೊರಗಿನವರ ಹತ್ತಿರ ಬಾಯಿ ಬಿಟ್ಟು ಎಷ್ಟು ಕಾಲವಾಗಿತ್ತೋ.

"ಸಿ... ಸಿ... ಸಿ..." ಕಣ್ಣು ಮುಚ್ಚಿತು, ಕತ್ತಿನ ನರ ಉಬ್ಬಿತು. ಪುಟ್ಟಗೌರಮ್ಮ ಕೈಲಿದ್ದ ದಾರ ಬಿಟ್ಟು ನೋಡಿದಳು. ನಗಲಿಲ್ಲ. ಬೇಗ ಹೇಳು ಅನ್ನಲಿಲ್ಲ. "ಸಿಂಚನನ ಕ... ಕಂಡ್ರಾ ಅಜ್ಜಿ?"

"ನಿನ್ ತಂಗಿನಾ? ಆಗ್ಲೇ ಸ್ಕೂಲ್ ಕಡೀಕೋದ್ಳಲ್ಲ ಕಣವ್ವ. ಐಕ್ಳೆಲ್ಲ ತಿಂಡಿ ತಕ್ಕಳಕ್ಕೆ ಬಂದಿದ್ವು, ಅವ್ರ ಸಂಗಡ ಹೋದ್ಳು. ನೀವೇ ಸೇರ್ಸಿದ್ದೀರಿ ಅನ್ಕಂಡೆ."

ಸರ್ಕಾರಿ ಶಾಲೆಯ ಜಗಲಿಯಲ್ಲಿ ಮಕ್ಕಳು ಸಾಲಾಗಿ ಕೂತು ಉಣ್ಣುತ್ತಿದ್ದರು. ಸಿಂಚನ ನಡುವಿನಲ್ಲಿದ್ದಳು. ಯಾರದೋ ತಟ್ಟೆ, ಬಿಸಿ ಅನ್ನ ಸಾಂಬಾರು, ಎಡಗೈಯಲ್ಲಿ ಬಾಳೆಹಣ್ಣು. ಪಕ್ಕದ ಹುಡುಗಿಯ ಕಿವಿಯಲ್ಲಿ ಏನೋ ಹೇಳುತ್ತಾ ಕಿಲಕಿಲ ನಗುತ್ತಿದ್ದಳು. ಹೊಡೆಯಬೇಕೆಂದು ಎತ್ತಿದ್ದ ಮಾಲಿನಿಯ ಕೈ ತಾನಾಗಿಯೇ ಇಳಿಯಿತು. ಈ ನಗು ಮನೆಯಲ್ಲಿ ಕೇಳಿ ಎಷ್ಟು ದಿನವಾಯಿತು ಅನ್ನಿಸಿತು.

ಹೆಡ್‌ಮಾಸ್ಟರ್ ಶಾಂತರಾಜು ಎದ್ದು ಬಂದರು. "ನಿಮ್ ಮಗೂನೇನಮ್ಮ? ಇಂಟ್ರುವಲ್ ಮುಗುದ್ ಮೇಲೆ ನಾಕ್ನೇ ಕ್ಲಾಸಲ್ಲಿ ಕುಂತಿದ್ಳು. ಹೆಸರು ಕೇಳುದ್ರೆ ಯೋಳ್ತಾಳೆ, ಮನೆ ಎಲ್ಲಿ ಅಂದ್ರೆ ಯೋಳಲ್ಲ. ಉಂಡ್ ಮೇಲೆ ವಿಚಾರ್ಸಣ ಅಂತಿದ್ದೆ."

"ತಪ್ಪಾಯ್ತು ಸಾ. ಕರ್ಕಂಡ್ ಹೋಗ್ತೀನಿ."

"ತಪ್ಪೇನ್ ಬಂತು. ಲೆಕ್ಕದಲ್ಲಿ ಚುರುಕಾಗವ್ಳೆ, ಯಾರು ಕಲ್ಸಿದ್ದು?"

ಎರಡು ವರ್ಷದಲ್ಲಿ ಮಾಲಿನಿಯ ಪಾಠದ ಬಗ್ಗೆ ಒಬ್ಬರು ಆಡಿದ ಮೊದಲ ಒಳ್ಳೆಯ ಮಾತು ಅದು. ಅದೂ ಇವತ್ತು, ಇಲ್ಲಿ. ಅವಳು ಮಗಳ ಕೈ ಹಿಡಿದಳು. ಸಿಂಚನ ಏಳಲಿಲ್ಲ.

"ಅಮ್ಮ, ಇಲ್ಲಿ ಹುಡುಗೀರವ್ರೆ" ಅಂದಳು, ಅಮ್ಮನಿಗೆ ಅದು ಗೊತ್ತಿಲ್ಲವೇನೋ ಅನ್ನುವ ಹಾಗೆ.

ಮನೆಗೆ ಬಂದಾಗ ಚನ್ನಮಲ್ಲಮ್ಮ ಬಾಗಿಲಲ್ಲೇ ನಿಂತಿದ್ದಳು. ಮೊಮ್ಮಗಳನ್ನು ತಬ್ಬಿಕೊಂಡು ಅತ್ತಳು. ವಿಷಯ ತಿಳಿದ ಮೇಲೆ ಮೊದಲು ಕೇಳಿದ್ದು, "ಮೊಟ್ಟೆ ಗಿಟ್ಟೆ ತಿಂದ್ಬುಟ್ಯಾ?" "ಇಲ್ಲ ಅಜ್ಜಿ, ಬಾಳೆಹಣ್ಣು" ಅಂತ ಹುಡುಗಿ ಅಂದ ಮೇಲೆಯೇ ಮುದುಕಿಗೆ ಜೀವ ಬಂದದ್ದು. ಆಮೇಲೆ ಸೊಸೆಯ ಕಡೆ ತಿರುಗಿದಳು. "ನೋಡ್ದೇನವ್ವ? ಮಗೀಗೆ ಇರೋ ಬುದ್ಧಿ ನಿಂಗಿಲ್ಲ."

"ನಿಮ್ಗೇನತ್ತೆ, ಕುಂತ್ಕಂಡು ಯೋಳ್ತೀರಿ" ಅಂದಳು ಮಾಲಿನಿ. ದನಿ ಏರಿಬಿಟ್ಟಿತ್ತು. "ನಾಗಶ್ರೀ ಕಕ್ಕಿದ್ದನ್ನ ತೊಳ್ದೋಳು ನಾನು. ನಿದ್ದೇಲಿ ಬೆಚ್ಚುದ್ರೆ ಎದ್ದು ಕುಂತೋಳು ನಾನು. ಅವಾಗ ಯಾರಾದ್ರೂ ಒಂದ್ ದಾರಿ ತೋರ್ಸಿದ್ರಾ? ಬರೀ ಬಾಯಲ್ಲಿ ಅನ್ನೋರೇ ಎಲ್ಲಾ."

ಸೊಸೆ ಚನ್ನಮಲ್ಲಮ್ಮನಿಗೆ ಎದುರಾಡಿದ್ದು ಇದೇ ಮೊದಲು. ಮುದುಕಿ ಅಡಿಗೆಮನೆಗೆ ಹೋಗಿ ಒಂದು ತಟ್ಟೆಗೆ ಅನ್ನ ಸಾರು ಹಾಕಿಕೊಂಡು ಬಂದು ಸೊಸೆಯ ಮುಂದಿಟ್ಟಳು. "ಉಣ್ಣು. ಬೆಳಗ್ಗಿಂದ ನೀರೂ ಕುಡುದಿಲ್ಲ" ಅಂದಳು. ಮಾಲಿನಿಗೆ ಅನ್ನದಲ್ಲಿ ಹೊಗೆ ವಾಸನೆ ಬಂತು. ಆದರೂ ಉಂಡಳು.

ಅಂದು ಕೊನೆಯ ಟ್ರಿಪ್ಪಿಗೆ ಜನವಿಲ್ಲವೆಂದು ಬಸ್ಸು ನಿಲ್ಲಿಸಿ, ಉದಯಕುಮಾರ ಸಂಜೆ ದೀಪ ಹಚ್ಚುವ ಹೊತ್ತಿಗೇ ಬಂದ. ಎಲ್ಲವನ್ನೂ ಕೇಳಿಸಿಕೊಂಡು, ಖಾಕಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, "ನೀನು ಯೆಂಗೆ ಯೋಳ್ತೀಯೋ ಅಂಗೆ" ಅಂದ. ಅವನು ಯಾವಾಗಲೂ ಹೇಳುವ ಮಾತು.

"ಯಾವಾಗ್ಲೂ ನನ್ ತಲೆ ಮೇಲೇ ಹಾಕ್ತೀರಿ."

"ಇಸ್ಕೂಲು ಬುಡ್ಸಿದ್ದು ನೀನು ಅಂತ ನಾನು ಒಂದಿನಾನಾದ್ರೂ ಅಂದಿದ್ದೀನಾ?"

"ಅನ್ನೋದಿಲ್ಲ. ಅದೇ ಕಷ್ಟ. ಅಂದಿದ್ರೆ ಜಗಳನಾದ್ರೂ ಆಡ್ತಿದ್ದೆ. ಸರಿ ಅನ್ನಿ, ಇಲ್ಲ ತಪ್ಪು ಅನ್ನಿ. ಒಬ್ಳೇ ಎಳ್ದು ಎಳ್ದು ಸಾಕಾಗೋಯ್ತು ನಂಗೆ."

ಉದಯಕುಮಾರ ತಲೆ ತಗ್ಗಿಸಿ ಕುಳಿತ. ದಿನವಿಡೀ ಮಾರ್ಟಳ್ಳಿ, ಪಾಲಾರ್ ಅಂತ ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ಮೆಲ್ಲಗೆ ಅಂದ: "ಚಿಕ್ಕೋಳು ಓಗ್ಲಿ. ದೊಡ್ಡೋಳ್ನ ಬಿಡ್ಸಿದ್ದು ಸರಿ. ಚಿಕ್ಕೋಳ್ನ ಬಿಡ್ಸಿದ್ದು ನಮ್ಮಿಬ್ರುದೂ ತಪ್ಪು. ನನ್ಗೂ ವ್ಯಾನ್ ದುಡ್ಡು ಉಳಿತದಲ್ಲ ಅನ್ನಿಸಿತ್ತು ಅವತ್ತು. ಬಾಯ್ಬುಟ್ಟು ಯೋಳ್ಲಿಲ್ಲ, ಅಷ್ಟೇಯ."

ಮಾಲಿನಿ ಗಂಡನ ಮುಖ ನೋಡಿದಳು. ತಾನೊಬ್ಬಳೇ ಹೊತ್ತಿದ್ದೇನೆ ಅಂದುಕೊಂಡಿದ್ದ ಆ ಸಣ್ಣತನವನ್ನು ಅವನೂ ಇಷ್ಟು ದಿನ ಹೊತ್ತಿದ್ದ. ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅಳು ಬಂತು.

ನಾಗಶ್ರೀ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಮಾಲಿನಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ತಂಗಿ ಹೋಗ್ತಾಳೆ ಕಣವ್ವ. ನೀನು?"

ಹುಡುಗಿ ತಲೆಯಾಡಿಸಿದಳು. "ನಾ... ನಾನು ಈಗ್ಲೇ ಬೇಡ." ಸ್ವಲ್ಪ ತಡೆದು, "ನ... ನಂದು ನಾನೇ ಓದ್ಕತೀನಿ. ನೀನು ಮ... ಮಲಕ್ಕೊ ಅಮ್ಮ, ಮಧ್ಯಾನ" ಅಂದಳು.

ಮಾಲಿನಿ ಅವಳ ತಲೆ ಸವರಿದಳು. ಹನ್ನೆರಡು ತುಂಬಿದ ಮಗು ತಾಯಿಗೆ ಮಲಗು ಅನ್ನಬೇಕಾದ ಸ್ಥಿತಿ ಬಂತಲ್ಲ ಅನ್ನಿಸಿತು.

ಮರುದಿನ ಸೀರೆ ಕೊಡಲು ಕೊಳ್ಳೇಗಾಲಕ್ಕೆ ಹೋದರೆ, ಶಿವರತ್ನಮ್ಮ ಒಂದು ಸೆರಗಿನ ಗಂಟುಗಳು ಸಡಿಲವಾಗಿವೆ ಎಂದು ಎತ್ತಿ ಆಡಿಸಿ ತೋರಿಸಿದರು. ಅದು ಸೋಮವಾರ ಮಧ್ಯಾಹ್ನ ಕಟ್ಟಿದ್ದೇ. ಮಾಲಿನಿ ಅಲ್ಲೇ ಅಂಗಡಿಯ ಮೂಲೆಯಲ್ಲಿ ಕೂತು ಎಲ್ಲ ಬಿಚ್ಚಿ ಮತ್ತೆ ಕಟ್ಟಿಕೊಟ್ಟು ಬಂದಳು. ಅದರ ಮಾರನೆಯ ದಿನ ಉದಯಕುಮಾರ ರಜೆ ಹಾಕಿದ. ರಜೆ ಹಾಕಿದರೆ ಅಂದಿನ ಬಾಟಾ ಇಲ್ಲ, ಆದರೂ ಹಾಕಿದ. ಗಂಡ ಹೆಂಡತಿ ಇಬ್ಬರೂ ಹೋಗಿ ಸಿಂಚನಳನ್ನು ಸೇರಿಸಿದರು. ಹಳೇ ಶಾಲೆಯವರು ಬಾಕಿ ಫೀಸು ಕಟ್ಟದೆ ಟೀಸಿ ಕೊಡುವುದಿಲ್ಲ ಅಂದಿದ್ದರು. ಅದನ್ನು ಕೇಳಿ ಶಾಂತರಾಜು, "ಅದನ್ನ ನಾನು ನೋಡ್ಕತೀನಿ, ಮಗೂನ ಕೂರ್ಸಿ ಹೋಗಿ" ಅಂದರು. ನಾಗಶ್ರೀಯ ವಿಷಯವೂ ಬಂತು. ಅವರು ಒತ್ತಾಯ ಮಾಡಲಿಲ್ಲ. "ಯಾವತ್ತಾದ್ರೂ ತಂಗಿನ ಕರ್ಕಂಡೋಗಕ್ಕೆ ಅವ್ಳನ್ನೇ ಕಳ್ಸಿ, ಸುಮ್ನೆ" ಅಂದರು ಅಷ್ಟೆ.

ಮನೆಯ ಖರ್ಚೇನೂ ದೊಡ್ಡದಾಗಿ ಇಳಿಯಲಿಲ್ಲ. ಸಿಲಿಂಡರ್ ಇನ್ನೂ ಖಾಲಿಯೇ ಇತ್ತು. ಗೆದ್ದೆನೋ ಸೋತೆನೋ ಅಂತ ಮಾಲಿನಿ ಒಂದೆರಡು ಸಲ ಯೋಚಿಸಲು ಹೋಗಿ, ಅದಕ್ಕೂ ಸುಸ್ತಾಗಿ ಬಿಟ್ಟಳು. ಬಂಧುಗಳ ಬಾಯಿ ಮಾತ್ರ ನಿಲ್ಲಲಿಲ್ಲ. ಯಳಂದೂರಿನಿಂದ ಅವಳ ತಾಯಿ ಫೋನ್ ಮಾಡಿ, "ಒಂದನ್ನ ಕಳ್ಸಿ ಒಂದನ್ನ ಮನೇಲಿ ಮಡಿಕ್ಕಂಡ್ರೆ ಜನ ಏನಂದಾರು?" ಅಂದರೆ, "ಅಂದ್ಕೊಳ್ಲಿ ಬುಡವ್ವ" ಅಂತ ಫೋನ್ ಇಟ್ಟಳು.

ಆ ವಾರದ ಕೊನೆಗೆ ಒಂದು ಮಧ್ಯಾಹ್ನ, ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾಗ, ಮಾಲಿನಿ ನಡುಮನೆಯ ಚಾಪೆಯ ಮೇಲೆ ತಲೆಯಿಟ್ಟಳು. ಇನ್ನೂ ಎರಡು ಸೀರೆ ಬಾಕಿ ಇದ್ದವು. ಗೋಡೆಗೆ ಒರಗಿ ನಾಗಶ್ರೀ ವಿಜ್ಞಾನದ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಒಂದು ಪದದಲ್ಲಿ ಸಿಕ್ಕಿಕೊಂಡಳು, ನಿಂತಳು, ಮತ್ತೆ ಮೊದಲಿಂದ ಹಿಡಿದಳು. ಮಾಲಿನಿಗೆ ಆ ಪದ ಯಾವುದೆಂದು ಗೊತ್ತಿತ್ತು. ಬಾಯಿಗೂ ಬಂದಿತ್ತು. ಹೇಳಿಕೊಡಲಿಲ್ಲ. ಹುಡುಗಿ ಅದನ್ನು ದಾಟಿ ಮುಂದಿನ ಸಾಲಿಗೆ ಹೋದಳೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ನಿದ್ದೆ ಬಂದಿತ್ತು.