ಕೆಂಚಕ್ಕನ ವಕೀಲರು

ಕೂಡ್ಲಿಗಿ ಕೋರ್ಟಿನಲ್ಲಿ ಪಾಲಾಕ್ಷ ವಕೀಲರು ಎದ್ದು ನಿಂತರೆ ಎದುರು ಪಾರ್ಟಿಯ ವಕೀಲರು ಮೊದಲು ನೀರು ಕುಡಿಯುತ್ತಿದ್ದರು. ನಾನು ಜರೀನಾ, ಅವರ ಜೂನಿಯರ್. ಕಪ್ಪು ಕೋಟು ತೊಟ್ಟ ದಿನದಿಂದ ಅವರ ಬೈಗುಳ ತಿಂದೇ ಬೆಳೆದವಳು. ಅವರು ಎಂಎಲ್‌ಎ ಆದಾಗ ನನ್ನ ಪಾಲಿಗೆ ಬಂದದ್ದು ಅವರ ಕುರ್ಚಿ, ಅವರ ಫೈಲುಗಳು, ಜೊತೆಗೆ ಕೆಂಚಕ್ಕ.

ಕೆಂಚಕ್ಕನಿಗೆ ಕೊಟ್ಟೂರಿನಾಚೆ ಒಂದು ತುಂಡು ಹೊಲ, ಅದರಲ್ಲಿ ನಾಲ್ಕು ಹುಣಸೆ ಮರ. ಹಣ್ಣು ಮಾರಿ ಬದುಕುವ ಹೆಂಗಸು. ಆ ಮರಗಳನ್ನು ಕಡಿದು ನೆಟ್ಟಗೆ ರಸ್ತೆ ಎಳೆಯಲು ಸರ್ಕಾರ ಹೊರಟಾಗ, ಪಾಲಾಕ್ಷ ವಕೀಲರೇ ತಡೆಯಾಜ್ಞೆ ತಂದು ನಿಲ್ಲಿಸಿದ್ದರು. ಭೂಸ್ವಾಧೀನದ ನೋಟಿಸು ಕೆಂಚಕ್ಕನ ಗಂಡನ ಹೆಸರಿಗೆ ಬಂದಿತ್ತು. ಆತ ಅಷ್ಟೊತ್ತಿಗಾಗಲೇ ತೀರಿಹೋಗಿದ್ದ. ಆ ಒಂದು ಎಳೆ ಹಿಡಿದು ನಮ್ಮ ಸಾಹೇಬರು ಇಡೀ ಇಲಾಖೆಯನ್ನು ಕುಣಿಸಿದರು. ಒಬ್ಬ ಬಡ ಹೆಂಗಸಿಗಾಗಿ ಸರ್ಕಾರವನ್ನೇ ತಡೆದವರು ಎಂದು ಹಗರಿಬೊಮ್ಮನಹಳ್ಳಿಯವರೆಗೂ ಹೆಸರಾಯಿತು. ಆ ಹೆಸರೇ ಅವರನ್ನು ವಿಧಾನಸಭೆಗೆ ಕಳಿಸಿತು.

ತಮಾಷೆ ಅಂದರೆ, ಚುನಾವಣೆಯಲ್ಲಿ ಅವರು ಕೊಟ್ಟ ದೊಡ್ಡ ಮಾತು ಅದೇ ರಸ್ತೆಯದು. ಆಚೆಯ ಹಳ್ಳಿಗಳ ಹುಡುಗಿಯರು ಕೊಟ್ಟೂರಿನ ಕಾಲೇಜಿಗೆ ಕೆಸರು ತುಳಿದುಕೊಂಡು ಬರುತ್ತಾರೆ. ರಸ್ತೆಯಾದರೆ ಬಸ್ಸು ಬರುತ್ತದೆ. ರಸ್ತೆ ಬೇಡ ಅನ್ನಲು ನನಗೂ ಮನಸ್ಸಿರಲಿಲ್ಲ. ಮುಂದಿನ ಚುನಾವಣೆ ಹತ್ತಿರ ಬಂದಂತೆ ಸಾಹೇಬರು ಒದ್ದಾಡತೊಡಗಿದರು. ರಸ್ತೆಯಾಗದಿದ್ದರೆ ಆ ಹಳ್ಳಿಗಳಲ್ಲಿ ಮುಖ ತೋರಿಸುವ ಹಾಗಿರಲಿಲ್ಲ, ಸೀಟು ಹೋಗುವುದು ಖಾತ್ರಿ.

ಮೊದಲು ನನ್ನನ್ನೂ ಕರೆದುಕೊಂಡು ಕೆಂಚಕ್ಕನ ಮನೆಗೇ ಹೋದರು. ಕೇಸು ವಾಪಸ್ ತಗೋ, ಬೇರೆ ಕಡೆ ಜಮೀನು ಕೊಡಿಸುತ್ತೇನೆ ಎಂದು ಭಾಷಣದ ದನಿಯಲ್ಲಿ ವಿವರಿಸಿದರು. ಆಕೆ ಎಲ್ಲ ಕೇಳಿಸಿಕೊಂಡು ಚಹಾ ಕೊಟ್ಟಳು.

"ಯಾರು ಬಂದ್ರೂ ಹೆಬ್ಬೆಟ್ಟು ಒತ್ತಬ್ಯಾಡ, ಎಂಎಲ್‌ಎ ಬಂದ್ರೂ ಒತ್ತಬ್ಯಾಡ ಅಂತ ನೀವ ಹೇಳಿದ್ರಲ್ರಿ" ಅಂದಳು.

ನಾನು ನಗು ತಡೆಯಲಾರದೆ ಹೊರಗೆ ಹೋಗಿ ನಿಂತೆ.

ವಾಪಸ್ ಬರುವಾಗ ಕಾರಿನಲ್ಲಿ ಸಾಹೇಬರು ಮೆಲ್ಲಗೆ ಬೇರೆ ರಾಗ ತೆಗೆದರು. ತಡೆಯಾಜ್ಞೆ ತೆರವು ಮಾಡಿಸಲು ಸರ್ಕಾರಿ ವಕೀಲರು ಅರ್ಜಿ ಹಾಕಿದ್ದಾರೆ, ವಿಚಾರಣೆಯ ದಿನ ನಿನಗೆ ಜ್ವರ ಬಂದರೆ ಒಳ್ಳೆಯದು ಎಂದರು. ನನಗೆ ಮೈಯೆಲ್ಲ ಉರಿಯಿತು. ವಕೀಲಿಕೆ ಅಂದರೇನು ಎಂದು ನನಗೆ ಕಲಿಸಿದ್ದೇ ಈ ಮನುಷ್ಯ. ಅಳು ಬರುವಷ್ಟು ಬೇಜಾರಾಯಿತು. ವಿಚಾರಣೆಯ ದಿನ ಎಲ್ಲರಿಗಿಂತ ಮೊದಲು ಹೋಗಿ ಕೋರ್ಟಿನಲ್ಲಿ ಕೂತೆ.

ಅವರೂ ಬಂದರು. ಗರಿಗರಿ ಬಿಳಿ ಅಂಗಿ, ಹಿಂದೆ ಕಾರ್ಯಕರ್ತರು. ಸಾರ್ವಜನಿಕರ ಬೆಂಚಿನ ಮೇಲೆ ಕೂತರು. ನಾನು ಚೆನ್ನಾಗಿಯೇ ವಾದ ಮಾಡುತ್ತಿದ್ದೆ. ಅಷ್ಟರಲ್ಲಿ ನ್ಯಾಯಾಧೀಶರು, ರಸ್ತೆ ಬರುವುದು ಆಕೆಗೆ ಗೊತ್ತೇ ಇತ್ತಲ್ಲ, ನೋಟಿಸು ಯಾರ ಹೆಸರಿಗಿದ್ದರೇನು ಎಂದು ಕೇಳಿಬಿಟ್ಟರು. ನಾನು ಉತ್ತರ ಹುಡುಕುತ್ತಾ ಫೈಲಿನ ಹಾಳೆ ತಿರುವತೊಡಗಿದೆ. ಸರ್ಕಾರಿ ವಕೀಲರು ಮೀಸೆಯಲ್ಲೇ ನಕ್ಕರು. ಆಗ ಹಿಂದಿನಿಂದ ದನಿ ಬಂತು:

"ಗೊತ್ತಿರೋದು ಬ್ಯಾರೆ, ನೋಟಿಸು ಕೊಡೋದು ಬ್ಯಾರೆ ಸ್ವಾಮಿ. ಸತ್ತವರಿಗೆ ಕೊಟ್ರ ತಕರಾರು ಹೇಳೋರು ಯಾರು?"

ಸಾಹೇಬರು ಎದ್ದು ನಿಂತಿದ್ದರು. ತಾವು ಕಟ್ಟಿದ ಕೇಸು ಕಣ್ಣೆದುರೇ ಬೀಳುವುದನ್ನು ನೋಡಿಕೊಂಡು ಕೂರಲು ಅವರಿಂದ ಆಗಲಿಲ್ಲ, ಪಾಪ. ನ್ಯಾಯಾಧೀಶರು ಕನ್ನಡಕ ಇಳಿಸಿ, ಶಾಸಕರು ಯಾರ ಪರ ಎಂದು ಕೇಳಿದರು. ಅವರು ತೆಪ್ಪಗೆ ಕೂತರು. ಆ ಮಾತನ್ನೇ ಹಿಡಿದು ನಾನು ವಾದ ಮುಗಿಸಿದೆ. ಮೂಲ ಕೇಸು ಮುಗಿಯುವವರೆಗೂ ತಡೆಯಾಜ್ಞೆ ಉಳಿಯಿತು.

ಇಲಾಖೆಯವರು ಮರಗಳನ್ನು ಬಿಟ್ಟು ಸುತ್ತಿಬಳಸಿ ಹೋಗುವ ಹೊಸ ನಕ್ಷೆಗೆ ಕೈಹಾಕಿದರು. ಅದು ಮುಗಿಯುವ ಮೊದಲೇ ಚುನಾವಣೆ ಬಂತು, ಸಾಹೇಬರು ಸೋತರು.

ಫಲಿತಾಂಶದ ಮರುವಾರ ಹಳೇ ಕಪ್ಪು ಕೋಟು ಹಾಕಿಕೊಂಡು ಆಫೀಸಿಗೆ ಬಂದು ನನ್ನ ಪಕ್ಕ ಕೂತರು. ಮುಖ ಇಳಿದುಹೋಗಿತ್ತು. ಕೆಂಚಕ್ಕ ಎದುರಿಗೇ ಇದ್ದಳು. ನಿಮ್ಮೂರಿನವರೂ ಕೈಬಿಟ್ಟರಲ್ಲ ಎಂದು ಅವಳ ಮುಂದೆ ಗೊಣಗಿದರು. ಆಕೆ ಅವರನ್ನು ನೆಟ್ಟಗೆ ನೋಡಿದಳು.

"ನಾನೂ ನಿಮಗ ಓಟು ಹಾಕಲಿಲ್ರಿ. ಕೇಸು ಇನ್ನೂ ಮುಗಿದಿಲ್ಲ. ನನಗ ನನ್ನ ವಕೀಲ್ರು ಬೇಕಾಗಿದ್ರು."

ಸಾಹೇಬರು ಕೈ ಚಾಚಿ, ನನ್ನ ಮುಂದಿದ್ದ ಅವಳ ಫೈಲನ್ನು ತಮ್ಮ ಕಡೆ ಎಳೆದುಕೊಂಡರು.