ಮೂರನೇ ಬ್ಯಾಚಿನ ಬ್ರೆಡ್ಡು

1

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. "ಸೂರ್ಯ ಮೂಡುತ್ತಿದ್ದ" ಅಂತ ಶುರು ಮಾಡಬಹುದು. ಕಥೆಯಲ್ಲಿ ಸೋಲಾರ್ ಬರುವುದರಿಂದ ಲಕ್ಷಣವಾಗಿಯೂ ಇರುತ್ತದೆ. ಬರೆದೆ, ಹೊಡೆದುಹಾಕಿದೆ. ಕಂಪನಿಯ ಕರಪತ್ರದ ಮೊದಲ ಸಾಲೂ ಅದೇ. ಆ ಕರಪತ್ರ ಬರೆದವನು ಯಾರು ಅಂತ ಈಗಲೇ ಕೇಳಬೇಡಿ. ಒಂದೇ ಸೂರ್ಯನನ್ನು ಎರಡು ಸಲ ಮೂಡಿಸಿ ಲಾಭ ಮಾಡಿಕೊಳ್ಳುವಷ್ಟು ಮಾನಗೆಟ್ಟಿಲ್ಲ ಇನ್ನೂ. (ಮಾನದ ವಿಷಯ ಮುಂದೆ ಬರುತ್ತದೆ. ಬೇರೆ ಏನೂ ಅಷ್ಟಾಗಿ ಬರುವುದಿಲ್ಲ.)

1, ಮತ್ತೊಮ್ಮೆ

ಸುತ್ತಿ ಬಳಸುವುದು ಬೇಡ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ, ಮೂವತ್ತೊಂದು ವರ್ಷ ಬ್ರೆಡ್ಡು ಬೇಯಿಸಿದ ಒಬ್ಬ ಯಜಮಾನರು ತಮ್ಮ ಬೇಕರಿಯ ಬೀಗದ ಕೈಯನ್ನು ಬೇರೆಯವರಿಗೆ ಕೊಟ್ಟು ಮನೆಗೆ ಹೋಗುತ್ತಾರೆ. ತಮ್ಮ ಕೈಗುಣ ಕೆಟ್ಟುಹೋಯಿತು ಅಂತ ಅವರ ನಂಬಿಕೆ. ಅದು ಕೆಟ್ಟಿಲ್ಲ. ಕೆಟ್ಟಿಲ್ಲ ಅಂತ ಗೊತ್ತಿರುವವರು ಈ ಲೋಕದಲ್ಲಿ ಇಬ್ಬರೇ. ಒಬ್ಬಳು ಅಕ್ಕ. ಅವಳಿಗೂ ಒಂದು ಬೇಕರಿ ಇದೆ. ಇನ್ನೊಬ್ಬ ಅವಳ ತಮ್ಮ, ಇಂಜಿನಿಯರು.

ಕಥೆ ಈ ತಮ್ಮನದು. ಅವನನ್ನು ಸ್ವಲ್ಪ ದೂರದಲ್ಲಿ ಕೂರಿಸಿ ಹೇಳುತ್ತೇನೆ. ಯಾಕೆ ಅಂತ ನೀವು ಬೇಗ ಹಿಡಿದುಬಿಡುತ್ತೀರಿ, ಹಿಡಿದರೂ ಸುಮ್ಮನಿರಿ.

2

ಅವನು ಕಂಡುಹಿಡಿದದ್ದು ಮರಳಿನ ಪೆಟ್ಟಿಗೆ. ಬೀರುವಿನಷ್ಟು ದೊಡ್ಡದು, ಒಳಗೆಲ್ಲ ಮರಳು. ಹಗಲು ತಾರಸಿಯ ಮೇಲಿನ ಸೋಲಾರ್ ಹಲಗೆಗಳ ಕರೆಂಟಿನಿಂದ ಮರಳು ಕಾಯುತ್ತದೆ. ಮರುದಿನ ಬೆಳಿಗ್ಗೆ ಅದರ ಬಿಸಿಗಾಳಿ ಭಟ್ಟಿಗೆ ನುಗ್ಗುತ್ತದೆ, ಬ್ರೆಡ್ಡು ಬೇಯುತ್ತದೆ. ಕಟ್ಟಿಗೆ ಬೇಡ, ಹೊಗೆ ಬೇಡ, ಕೆಮ್ಮು ಬೇಡ. ಕೇಳಿದರೆ ಯಾರಿಗಾದರೂ ಇಷ್ಟವಾಗುವ ಮಾತು. ನನಗೂ ಆಗಿತ್ತು.

ಮೊದಲ ಪೆಟ್ಟಿಗೆ ಕೂತದ್ದು ಅಕ್ಕನ ಬೇಕರಿಯಲ್ಲೇ. ಅಕ್ಕನಿಗೆ ಮೀಟರಿನಲ್ಲಿ ನಂಬಿಕೆ ಇಲ್ಲ. ಭಟ್ಟಿಯ ನೆಲದ ಮೇಲೆ ಒಂದು ಚಿಟಿಕೆ ಹಿಟ್ಟು ಎಸೆದು ಎಣಿಸುತ್ತಾಳೆ. ಹತ್ತಕ್ಕೆ ಕಂದು ಬಣ್ಣ ಬಂದರೆ ಟ್ರೇ ಒಳಗೆ. ಮೊದಲನೇ ಬ್ಯಾಚಿಗೆ ಹತ್ತಕ್ಕೇ ಬಂತು. ಎರಡನೆಯದಕ್ಕೆ ಹನ್ನೆರಡು. ಮೂರನೆಯದಕ್ಕೆ ಮೂವತ್ತು ಎಣಿಸಿದರೂ ಹಿಟ್ಟು ಬೆಳ್ಳಗೆ ಬಿದ್ದಿತ್ತು.

"ಎರಡು ಬ್ಯಾಚು ಚೆನ್ನಾಗಿ ಬರ್ತಿದೆಯಲ್ಲೋ. ಎರಡು ಅಂತಲೇ ಹೇಳು," ಅಂದಳು ಅಕ್ಕ.

"ಎರಡು ಅಂದ್ರೆ ಯಾರೂ ತಿರುಗಿ ನೋಡಲ್ಲ ಅಕ್ಕ. ಲೆಕ್ಕದ ಪ್ರಕಾರ ಮೂರು ಬರಲೇಬೇಕು."

ಲೆಕ್ಕ ಸರಿಯಾಗಿಯೇ ಇತ್ತು. ಮೂರು ಬ್ಯಾಚಿಗೆ ಬೇಕಾದ ಬಿಸಿ ಮರಳಿನ ಹೊಟ್ಟೆಯಲ್ಲಿತ್ತು. ಹೊರಗೆ ಬರಲು ಮಾತ್ರ ಅದಕ್ಕೆ ಸೋಮಾರಿತನ. ಅದನ್ನು ಸರಿಮಾಡಲು ಇನ್ನೊಂದು ವರ್ಷ ಬೇಕಿತ್ತು. ಹೂಡಿಕೆ ಕಂಪನಿಯ ಮೇಡಂ ಬರಲು ಇದ್ದದ್ದು ಆರು ದಿನ.

(ಇಲ್ಲಿ ಇನೋವೇಶನ್ ಬಗ್ಗೆ ಒಂದು ಪ್ಯಾರಾ ಇತ್ತು. ಸ್ವಚ್ಛ ಇಂಧನ, ಮುಂದಿನ ಪೀಳಿಗೆ, ನೀಲಿ ಆಕಾಶ. ಚೆನ್ನಾಗಿಯೇ ಬಂದಿತ್ತು. ಓದಿದರೆ ಈ ಮನುಷ್ಯನ ಮೇಲೆ ನಿಮಗೆ ಗೌರವ ಬರುತ್ತಿತ್ತು. ಅದಕ್ಕೇ ತೆಗೆದೆ.)

4

ಮೇಡಂ ಬಂದ ದಿನ.

ಅವರ ಜೊತೆ ಇಬ್ಬರು, ಮೂವರ ಕೈಯಲ್ಲೂ ನೋಟ್‌ಬುಕ್ಕು. ಎರಡು ಬ್ಯಾಚು ನೋಡಿ ತಲೆಯಾಡಿಸಿದರು. ಮೂರನೇ ಟ್ರೇ ಒಳಗೆ ಹೋಗುವ ಮುಂಚೆ ಅವನು ಎಲ್ಲರನ್ನೂ ತಾರಸಿಗೆ ಕರೆದುಕೊಂಡು ಹೋದ. ಹಲಗೆಗಳನ್ನು ತೋರಿಸಬೇಕು ಅಂತ ಹೇಳಿದ. ನಿಜವಾಗಿ ಆ ಟ್ರೇ ಹೊರಗೆ ಬರುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಒಂದು ವಾರದಿಂದ ಸರಿಯಾಗಿ ಊಟವನ್ನೂ ಮಾಡಿರಲಿಲ್ಲ.

ತಾರಸಿಯಲ್ಲಿ ಮಾತಾಡುತ್ತಾ ಮಾತಾಡುತ್ತಾ ಅವನು ಹಳೆಯ ಹೊಗೆಗೂಡಿನ ಮೇಲೆ ಕೈಯಿಟ್ಟ. ಮೂರು ತಿಂಗಳಿಂದ ತಣ್ಣಗಿದ್ದ ಹೊಗೆಗೂಡು ಅದು. ಕೈ ಚುರ್ರೆಂದಿತು.

ಅವನಿಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಕೆಳಗೆ ಅಕ್ಕ ಭಟ್ಟಿಯಡಿಯ ಹಳೇ ಬಾಗಿಲು ತೆಗೆದು ಕಟ್ಟಿಗೆ ಹಚ್ಚಿದ್ದಳು. ಚೆನ್ನಾಗಿ ಒಣಗಿದ ಕಟ್ಟಿಗೆ, ಹೊಗೆ ಕಂಡೂ ಕಾಣದಷ್ಟು ತೆಳು.

ಆಗ ಅವನು ಏನು ಮಾಡಿದ? ಓದುಗರೇ, ಈ ವಾಕ್ಯವನ್ನು ನಾನು ಒಂಬತ್ತು ಸಲ ಬರೆದಿದ್ದೇನೆ. "ಅವನು ತಬ್ಬಿಬ್ಬಾದ" ಅಂತ ಒಂದು ಸಲ. "ಸಂದರ್ಭ ಅವನ ಕೈಮೀರಿತ್ತು" ಅಂತ ಇನ್ನೊಂದು ಸಲ. ಎರಡೂ ಸುಳ್ಳು. ಅವನು ತಬ್ಬಿಬ್ಬಾಗಲಿಲ್ಲ. ಎರಡು ಹೆಜ್ಜೆ ಸರಿದು, ಹೊಗೆಗೂಡು ಅವರಿಗೆ ಕಾಣದ ಹಾಗೆ ಅದಕ್ಕೆ ಬೆನ್ನು ಕೊಟ್ಟು ನಿಂತ. ಕಾಲು ಗಂಟೆ ನಿಂತ. ಬೆನ್ನು ಸುಡುತ್ತಿತ್ತು, ಅವನು ಸ್ವಚ್ಛ ಗಾಳಿಯ ಬಗ್ಗೆ ಮಾತಾಡುತ್ತಿದ್ದ.

ಕೆಳಗೆ ಇಳಿದಾಗ ಬ್ರೆಡ್ಡು ಹೊಂಬಣ್ಣಕ್ಕೆ ಬಂದಿತ್ತು. ಮೇಡಂ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಅಕ್ಕನನ್ನು ಕೇಳಿದರು, "ಕಟ್ಟಿಗೆ ಪೂರ್ತಿ ನಿಲ್ಲಿಸಿಬಿಟ್ರಾ ಅಮ್ಮ?"

"ಒಂದು ಕಡ್ಡಿ ಕೂಡ ಹಚ್ಚಿಲ್ಲ ಮೇಡಂ," ಅಂದಳು ಅಕ್ಕ. ಹೇಳುವಾಗ ಅವಳು ತಮ್ಮನ ಮುಖ ನೋಡಲಿಲ್ಲ. ಹಿಂದಿನ ದಿನದ ಬನ್ನನ್ನು ಇವತ್ತಿನದು ಅಂತ ಒಬ್ಬರಿಗೂ ಮಾರದ ಹೆಂಗಸು ಅವಳು.

ಹೂಡಿಕೆ ಬಂತು. ನಲವತ್ತು ಬೇಕರಿಗಳಿಗೆ ಪೆಟ್ಟಿಗೆ ಹೋಯಿತು. ಕರಪತ್ರದಲ್ಲಿ ಅಕ್ಕನ ಫೋಟೋ, ಕೈಯಲ್ಲಿ ಆ ಮೂರನೇ ಬ್ಯಾಚಿನ ಬ್ರೆಡ್ಡು.

3

(ಇದು ಮೂರನೆಯದು. ಹೊರಗೆ ಬರಲು ತಡಮಾಡಿತು, ಕಾರಣ ನಿಮಗೆ ಗೊತ್ತು.)

ಅಕ್ಕ ಬಂದು ಬೆನ್ನ ಹಿಂದೆ ನಿಂತು ಇದನ್ನೆಲ್ಲ ಓದುತ್ತಿದ್ದಾಳೆ. ಕೈಗೆ ಹಿಟ್ಟು ಮೆತ್ತಿದೆ. ಶುಕ್ರವಾರ ಮಧ್ಯಾಹ್ನ, ಬೇಕರಿಯ ಹಿಂದಿನ ಕೋಣೆ, ಮೈದಾ ಮೂಟೆಯ ಮೇಲೆ ಲ್ಯಾಪ್‌ಟಾಪು.

"ಈ 'ಅವನು' ಯಾರೋ?" ಅಂತ ಕೇಳಿದಳು.

"ಪಾತ್ರ ಅಕ್ಕ."

"ಕಥೆ ಹೇಳೋನು 'ನಾನು', ತಪ್ಪು ಮಾಡಿದೋನು 'ಅವನು'. ಹಂಚಿಕೆ ಚೆನ್ನಾಗಿದೆ."

"ಅದು ಬರೆಯೋ ಒಂದು ಕ್ರಮ."

"ಬೆನ್ನು ತೋರಿಸು, ನೋಡೋಣ."

ನಾನು ತೋರಿಸಲಿಲ್ಲ. ಹೋಗಲಿ ಬಿಡಿ, ನೀವೂ ಆಗಲೇ ಹಿಡಿದಿದ್ದಿರಿ. ಆದರೂ ಸದ್ಯಕ್ಕೆ 'ಅವನು' ಅಂತಲೇ ಇರಲಿ. 'ನಾನು' ಅಂತ ಬರೆಯಲು ಹೋದರೆ ಕೈ ಹಿಂದಕ್ಕೆ ಬರುತ್ತದೆ.

"ಕಡ್ಡಿ ಗೀರಿದ್ದು ನಾನು," ಅಂದಳು ಅಕ್ಕ. "ನಿನ್ನ ಮುಖ ನೋಡೋಕಾಗದೆ ಗೀರಿದೆ. ಅದು ನನ್ನ ತಪ್ಪು, ಅದನ್ನೂ ಹಾಕು. ನಿನ್ನ ಪಾಲಿಂದು ಮಾತ್ರ ನನ್ನ ತಲೆಗೆ ಕಟ್ಟಬೇಡ."

5

ಪೆಟ್ಟಿಗೆ ತೆಗೆದುಕೊಂಡವರು ದಿನವೂ ಫೋನಿನಲ್ಲಿ ಒಂದು ಸಾಲು ಕಳಿಸಬೇಕಿತ್ತು. ಒಂದು ಕಡೆ ಬಿಟ್ಟು ಉಳಿದೆಲ್ಲ ಕಡೆಯಿಂದ ಬರುತ್ತಿತ್ತು, "ಮೂರು ಬ್ಯಾಚೂ ಓಕೆ." ಜೊತೆಗೊಂದು ಹೆಬ್ಬೆರಳಿನ ಚಿತ್ರ. ಅವನಿಗೆ ಖುಷಿಗಿಂತ ಗಾಬರಿಯಾಯಿತು. ಮೂರನೆಯದು ಬರುವುದು ಸಾಧ್ಯವೇ ಇಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹೇಳದೆ ಕೇಳದೆ ಒಂದು ಬೇಕರಿಗೆ ಹೋದ. ಮೆಟ್ಟಿಲು ಹತ್ತಿ ಹೊಗೆಗೂಡು ಮುಟ್ಟಿದ. ಬಿಸಿ. ಇನ್ನೊಂದಕ್ಕೆ ಹೋದ, ಅಲ್ಲೂ ಬಿಸಿ. ಏಳು ಬೇಕರಿ ಸುತ್ತಿದ, ಏಳೂ ಬಿಸಿ. ಕೇಳಿದರೆ ಏಳು ಜನರೂ, "ಒಂದು ಕಡ್ಡಿ ಕೂಡ ಹಚ್ಚಿಲ್ಲ ಸಾರ್."

ಮೋಸಗಾರರಲ್ಲ ಅವರು. ಬೇಕರಿಯವರಿಗೆ ಕೈಗುಣವೇ ಮರ್ಯಾದೆ. ಕರಪತ್ರದಲ್ಲಿ ಒಬ್ಬ ಹೆಂಗಸಿಗೆ ಬಂದ ಬಣ್ಣ ತನಗೆ ಬರಲಿಲ್ಲ ಅಂತ ಯಾರು ಬಾಯಿಬಿಟ್ಟು ಹೇಳುತ್ತಾರೆ? ತನ್ನದೇ ಹದ ತಪ್ಪಿದೆ ಅಂದುಕೊಂಡು ಒಬ್ಬೊಬ್ಬರೂ ಗುಟ್ಟಾಗಿ ಕಟ್ಟಿಗೆ ಹಚ್ಚಿದರು. ಕೆಲವರು ಅಕ್ಕನಿಗೇ ಫೋನು ಮಾಡಿ, "ನಿಮ್ಮ ಗುಟ್ಟೇನಮ್ಮ?" ಅಂತ ಕೇಳಿದರು. ಹೀಗೆ ಪ್ರತಿಯೊಬ್ಬರೂ ಉಳಿದವರೆಲ್ಲ ಹೇಳುತ್ತಿರುವುದು ನಿಜ ಅಂತ ನಂಬಿ ಸುಳ್ಳು ಕಳಿಸಿದರು. ಆ ಸುಳ್ಳಿನ ಮೇಲೆ ಅವನೊಂದು ಗ್ರಾಫು ಮಾಡಿದ, ಗ್ರಾಫು ನೋಡಿ ಮೇಡಂ ಇನ್ನೂ ನಾಲ್ಕು ಸಾವಿರ ಪೆಟ್ಟಿಗೆಗೆ ಒಪ್ಪಿದರು. ಸೋಮವಾರ ಸಹಿ.

ನಿಜ ಕಳಿಸಿದವರು ಒಬ್ಬರೇ, ನಾನು ಆಗ ಹೇಳಿದ ಯಜಮಾನರು. ದಿನವೂ ಒಂದೇ ಸಾಲು: "ಮೂರನೇದು ಬಿಳಿ." ಹೆಬ್ಬೆರಳಿಲ್ಲ. ಅವರಿಗೆ ಅವನು ಫೋನಿನಲ್ಲಿ ಹೇಳಿದ ಮಾತು, "ಹದ ಸ್ವಲ್ಪ ನೋಡ್ಕೊಳ್ಳಿ ಯಜಮಾನ್ರೇ. ಉಳಿದ ಮೂವತ್ತೊಂಬತ್ತು ಕಡೆ ಸರಿಯಾಗಿ ಬರ್ತಿದೆ." ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಆಪರೇಟರ್ ಎರರ್' ಅಂತ ಟೈಪು ಮಾಡಿದ. ಏಳು ಹೊಗೆಗೂಡು ಮುಟ್ಟಿ ಬಂದ ಮೇಲೂ ಅದನ್ನು ಅಳಿಸಲಿಲ್ಲ.

ನಿನ್ನೆ ಯಜಮಾನರ ಸಂದೇಶ ಉದ್ದವಾಗಿತ್ತು. "ನಮಸ್ಕಾರ ಸಾರ್. ಎಲ್ಲರಿಗೂ ಬರೋದು ನನಗೊಬ್ಬನಿಗೆ ಬರ್ತಿಲ್ಲ. ವಯಸ್ಸಾಯ್ತು, ಕೈ ಸೋತಿದೆ. ಶನಿವಾರ ಹತ್ತು ಗಂಟೆಗೆ ಬೇಕರಿ ಬಿಟ್ಟುಕೊಡ್ತಿದ್ದೀನಿ. ನಿಮ್ಮ ಪೆಟ್ಟಿಗೆ ಒಳ್ಳೇದು, ನನ್ನಿಂದ ಅದಕ್ಕೆ ಕೆಟ್ಟ ಹೆಸರು ಬರೋದು ಬೇಡ."

ಕೊನೆಯ ಸಾಲನ್ನು ಇನ್ನೊಂದು ಸಲ ಓದಿ. ನಾನು ನಿನ್ನೆಯಿಂದ ಓದುತ್ತಲೇ ಇದ್ದೇನೆ. ನಾಚಿಕೆಯಿಂದ ಮೈಯೆಲ್ಲ ಕಾಯುತ್ತದೆ ಅಂತ ಕೇಳಿದ್ದೆ, ಅದು ನಿಜ.

6. ಮುಕ್ತಾಯಗಳು (ಬೇಕಾದ್ದು ಆರಿಸಿಕೊಳ್ಳಿ)

ಅ) ಸೋಮವಾರದ ಸಭೆಯಲ್ಲಿ ಅವನು ಎದ್ದು ನಿಂತು ಎಲ್ಲ ಹೇಳುತ್ತಾನೆ. ಮೇಡಂ ಕನ್ನಡಕ ಒರೆಸಿಕೊಂಡು, "ಪ್ರಾಮಾಣಿಕತೆಯೇ ನಿಜವಾದ ಹೂಡಿಕೆ," ಅನ್ನುತ್ತಾರೆ. ಚಪ್ಪಾಳೆ. ಇದನ್ನು ಬರೆಯುವಾಗ ನನಗೇ ಕಣ್ಣು ಒದ್ದೆಯಾಯಿತು, ಅಲ್ಲಿಗೆ ಅನುಮಾನ ಬಂತು. ಜೊತೆಗೆ ಅದು ಸೋಮವಾರ. ಯಜಮಾನರದ್ದು ಶನಿವಾರ.

ಆ) ಮೇಡಂ ನಗುತ್ತಾರೆ. "ಗೊತ್ತು ಬಿಡಿ, ಎಲ್ಲರ ಮೂರನೇ ಬ್ಯಾಚೂ ಹೀಗೇ." ಎಲ್ಲರೂ ಕಳ್ಳರು, ಅವನೊಬ್ಬನದೇ ತಪ್ಪಲ್ಲ. ತುಂಬ ಹಿತವಾದ ಮುಕ್ತಾಯ. ಹಿತವಾಗಿದೆ ಅಂತಲೇ ಹೊಡೆದುಹಾಕಿದೆ.

ಇ) ಯಜಮಾನರು ತಾವೇ ಪೆಟ್ಟಿಗೆ ಬಿಚ್ಚಿ, ಮರಳಿನ ನಡುವೆ ಕಬ್ಬಿಣದ ಸರಳು ತೂರಿಸಿ, ಸೋಮಾರಿ ಬಿಸಿಯನ್ನು ಹೊರಗೆಳೆಯುತ್ತಾರೆ. ಮೂರನೆಯದು ಹೊಂಬಣ್ಣ. ನಿಜವಾದ ಇನೋವೇಟರ್ ಅವರೇ ಅಂತ ಲೋಕಕ್ಕೆ ಗೊತ್ತಾಗುತ್ತದೆ. ಇದು ನನಗೆ ಬಹಳ ಹಿಡಿಸಿತ್ತು. ಅಕ್ಕನಿಗೆ ಓದಿ ಹೇಳಿದೆ.

"ನಿನ್ನ ತಪ್ಪನ್ನ ಅವರ ಕೈಲೇ ರಿಪೇರಿ ಮಾಡಿಸ್ತೀಯಾ?" ಅಂದಳು.

ತೆಗೆದೆ.

7

ಒಂದು ವಿಷಯ ಮುಚ್ಚಿಟ್ಟಿದ್ದೆ. ನೀವು ಓದುತ್ತಿರುವುದು ಮೊದಲಿಗೆ ಕಥೆಯೇ ಆಗಿರಲಿಲ್ಲ. ನಿನ್ನೆ ಯಜಮಾನರಿಗೆ ಉತ್ತರ ಬರೆಯಲು ಕೂತೆ. "ಮಾನ್ಯರೇ, ಕೆಲವು ತಾಂತ್ರಿಕ ಕಾರಣಗಳಿಂದ" ಅಂತ ಶುರು ಮಾಡಿದೆ, ಹೇಸಿಗೆಯಾಗಿ ಅಳಿಸಿದೆ. ಹಿನ್ನೆಲೆ ಹೇಳಿದರೆ ಅರ್ಥವಾಗಬಹುದು ಅಂತ "ಸೂರ್ಯ ಮೂಡುತ್ತಿದ್ದ" ಅಂದೆ. ಅಲ್ಲಿಂದ ಇಲ್ಲಿಯವರೆಗೆ ಬಂದಿದ್ದೇನೆ. ನಂಬರು ಹಾಕಿದೆ, ಬ್ರಾಕೆಟ್ಟು ಹಾಕಿದೆ, ಮೂರು ಮುಕ್ತಾಯ ಮಾಡಿದೆ. ಹೇಳಬೇಕಾದ ಒಂದು ಸಾಲನ್ನು ಮಾತ್ರ ಹೇಳಿಲ್ಲ.

ಈಗ ಬರೆದೆ. "ಯಜಮಾನ್ರೇ, ತಪ್ಪು ನಿಮ್ಮ ಕೈಯದಲ್ಲ, ಪೆಟ್ಟಿಗೇದು."

ಅಕ್ಕ ಬಗ್ಗಿ ಓದಿದಳು. "ಸುಳ್ಳು ಹೇಳಿದ್ದೂ ಪೆಟ್ಟಿಗೇನಾ?"

ಅಳಿಸಿದೆ. ಬರೆದದ್ದರ ಮೊದಲಿಗೆ ಹೋಗಿ 'ಅವನು' ಅಂತ ಇರುವಲ್ಲೆಲ್ಲ 'ನಾನು' ಅಂತ ಬದಲಾಯಿಸಲು ಹೊರಟೆ. ಅಕ್ಕ ಲ್ಯಾಪ್‌ಟಾಪು ಮುಚ್ಚಿದಳು, ಮುಚ್ಚಳದ ಮೇಲೆ ಅವಳ ಐದು ಬೆರಳಿನ ಹಿಟ್ಟು.

"ಬರೆದಿದ್ದು ಸಾಕು. ಫೋನ್ ಮಾಡು. ನಾನೂ ಇಲ್ಲೇ ಇರ್ತೀನಿ, ನನ್ನ ಕಡ್ಡಿ ವಿಷಯ ನಾನೇ ಹೇಳ್ತೀನಿ."

(ಹಾಗಾದರೆ ಇದನ್ನು ಯಾವಾಗ ಬರೆಯುತ್ತಿದ್ದೀಯಾ ಅಂತ ಕೇಳುತ್ತೀರಿ. ಕೆಳಗೆ ಬಿದ್ದಿದ್ದ ಕರಪತ್ರದ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ, ಎಡಗೈಯಲ್ಲಿ ಫೋನು ಹಿಡಿದುಕೊಂಡು.)

ಯಜಮಾನರು ನಂಬುತ್ತಾರೋ, ಬಯ್ಯುತ್ತಾರೋ, ನಾಳೆ ಬೀಗದ ಕೈ ಅವರ ಜೇಬಿನಲ್ಲೇ ಉಳಿಯುತ್ತದೋ, ಸೋಮವಾರ ಮೇಡಂ ಏನನ್ನುತ್ತಾರೋ, ನನ್ನನ್ನು ಕೇಳಬೇಡಿ. ಮುಂದಿನದನ್ನು ನಾನು ಬರೆಯುವುದಿಲ್ಲ. ನನ್ನ ಕೈಗೆ ಕೊಟ್ಟರೆ ಏನು ಮಾಡುತ್ತೇನೆ ಅಂತ ನೀವು ನೋಡಿದ್ದೀರಿ.

ಫೋನು ರಿಂಗಾಗುತ್ತಿದೆ. ಇನ್ನೂ ಎತ್ತಿಲ್ಲ. ಈ ಹೊತ್ತಿನಲ್ಲಿ ಅವರ ಕೈಯಲ್ಲಿ ಹಿಟ್ಟಿರುತ್ತದೆ, ಒರೆಸಿಕೊಂಡು ಬರಬೇಕು.