ಯಾಂದೆಗೆಂದು ಕೊಂಡ ಕಾರು

ಕಫ್ರಿನ್ ಊರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಾವು ಡ್ರೈವರುಗಳೆಲ್ಲ ಲಾತಿರಣ್ಣನ ಪ್ಯೂಜೊ ನೋಡಿ ಹೊಟ್ಟೆ ಉರಿದುಕೊಂಡವರೇ. ಏಳು ಸೀಟಿನ ಉದ್ದನೆಯ ಹಳೇ ಗಾಡಿ, ಅವನು ಅದನ್ನು 'ರಾಣಿ' ಅನ್ನುತ್ತಿದ್ದ. ಮೇಲೆ ಕುರಿ, ಶೇಂಗಾ ಮೂಟೆ, ಮಂಚ, ಏನು ಹೇರಿದರೂ ತಕರಾರಿಲ್ಲ. ಕೆಟ್ಟು ನಿಂತರೆ ಮರದ ನೆರಳಲ್ಲೇ ರಿಪೇರಿ. ಪೇಟೆಯಿಂದ ಹೊಸ ಪುಟ್ಟ ಕಾರುಗಳು ಬರತೊಡಗಿದಾಗ ಅವನು ನಗುತ್ತಿದ್ದ.

"ಇದೊಂದು ಕಾರೇನ್ರೋ? ಟೀ ಕೆಟಲ್ಲಿಗೆ ಗಾಲಿ ಹಾಕ್ದಂಗಿದೆ."

ಅವನ ಹೆಂಡತಿ ಯಾಂದೆ ಬಿಡುವವಳಲ್ಲ. "ಕೆಟಲ್ಲಲ್ಲಿ ಕೂತ್ರೆ ಧೂಳಾದ್ರೂ ಬರಲ್ಲ. ನಿನ್ನ ರಾಣೀಲಿ ಕೂತು ಇಳಿದ್ರೆ ನಮ್ಮಮ್ಮನೂ ನನ್ನ ಗುರುತು ಹಿಡಿಯಲ್ಲ."

ಆಮೇಲೆ ಅವಳ ಕಿಡ್ನಿ ಕೈಕೊಟ್ಟಿತು. ವಾರವಾರವೂ ಡಯಾಲಿಸಿಸ್‌ಗೆ ಕೌಲಾಕ್ ಪಟ್ಟಣದ ಆಸ್ಪತ್ರೆಗೆ ಹೋಗಬೇಕು. ಪ್ಯೂಜೊಗೆ ವಯಸ್ಸಾಗಿತ್ತು, ರಸ್ತೆ ತುಂಬ ಗುಂಡಿ. ಒಂದು ಸಲ ವಾಪಸ್ ಬರುವಾಗ ನಾನೂ ಹಿಂದೆ ಕೂತಿದ್ದೆ.

"ಸ್ವಲ್ಪ ನಿಲ್ಲಿಸ್ತೀಯಾ? ಮೂಳೆಗಳೆಲ್ಲ ಕಳಚಿಕೊಂಡಂಗಾಗ್ತಿದೆ," ಎಂದಳು ಅತ್ತಿಗೆ.

ಲಾತಿರಣ್ಣ ಗಾಡಿ ನಿಲ್ಲಿಸಿದ. ಮರುವಾರವೇ ಪ್ಯೂಜೊವನ್ನು ಕೌಲಾಕಿನ ದೆಂಬಾ ಎಂಬ ಡ್ರೈವರಿಗೆ ಮಾರಿ, ಬಿಳಿಯ ಪುಟ್ಟ ಹೊಸ ಕಾರು ತಂದ. ಸ್ಟ್ಯಾಂಡಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ, ಅತ್ತಿಗೆ ಒಬ್ಬಳನ್ನು ಬಿಟ್ಟು.

"ಏನು ಕೆಟಲ್ ಸಾಹುಕಾರ್ರೇ, ಆರಾಮಾ?"

"ಹತ್ತೇ ಸುಮ್ನೆ," ಎಂದ ಅವನು.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಅವಳು ಆಸ್ಪತ್ರೆಯಲ್ಲೇ ತೀರಿಕೊಂಡಳು. ನಮ್ಮ ಪದ್ಧತಿಯಂತೆ ಅವತ್ತೇ, ಫಾತಿಕ್ ಪಟ್ಟಣದ ಆಚೆಯ ಅವಳ ತವರೂರಿಗೆ ಒಯ್ದು ಮಣ್ಣು ಮಾಡಬೇಕಿತ್ತು. ಸುದ್ದಿ ಕೇಳಿ ನಾನು ಆಸ್ಪತ್ರೆಗೆ ಧಾವಿಸಿದಾಗ ಲಾತಿರಣ್ಣ ಕಾರಿನ ಹಿಂದಿನ ಸೀಟು ಮಡಚಿ ಒಳಗೆ ಗೇಣು ಹಾಕಿ ಅಳೆಯುತ್ತಿದ್ದ. ಈ ಬಾಗಿಲು ಮುಚ್ಚಿ ಆ ಬಾಗಿಲು ತೆರೆದ.

"ಅಣ್ಣ, ಇದ್ರಲ್ಲಿ ಆಗಲ್ಲ," ಎಂದೆ.

"ಕಾಲು ಸ್ವಲ್ಪ ಮಡಿಸಿದ್ರೆ..." ಅಂದವನು ಅಲ್ಲೇ ನಿಲ್ಲಿಸಿ ಮುಖ ತಿರುಗಿಸಿಕೊಂಡ.

ನಾನು ದೆಂಬಾನಿಗೆ ಫೋನ್ ಮಾಡಿದೆ. ಅವನು ಪ್ಯೂಜೊದ ಸೀಟುಗಳನ್ನು ಕಿತ್ತು, ಚಾಪೆ ಹಾಸಿಕೊಂಡು ಬಂದ. "ನೀವೇ ಓಡಿಸಿ ಅಣ್ಣ," ಎಂದು ಕೀಲಿ ಕೊಟ್ಟ. ದಾರಿಯುದ್ದಕ್ಕೂ ಲಾತಿರಣ್ಣ ಒಂದೊಂದು ಗುಂಡಿಯನ್ನೂ ತಪ್ಪಿಸಿಕೊಂಡು ಹೋದ.

ಎಲ್ಲ ಮುಗಿದು ಸಂಜೆ, ಬಿಳಿ ಕಾರು ಬಿಟ್ಟುಹೋಗಿದ್ದ ಆಸ್ಪತ್ರೆ ಹತ್ತಿರ ವಾಪಸ್ ಬಂದೆವು. ದೆಂಬಾ ಲಾತಿರಣ್ಣನ ಕೈ ಹಿಡಿದುಕೊಂಡು ಹೇಳಿದ: "ಗಾಡಿ ನೀವೇ ಇಟ್ಕೊಳ್ಳಿ ಅಣ್ಣ. ಆ ಚಿಕ್ಕದನ್ನ ನಂಗೆ ಕೊಡಿ. ಇದು ಯಾವತ್ತಿದ್ರೂ ನಿಮ್ಮದೇ."

ಲಾತಿರಣ್ಣ ಪ್ಯೂಜೊದ ಮೂತಿಯ ಮೇಲೆ ಕೈಯಾಡಿಸಿದ. ಹೂಂ ಅನ್ನುತ್ತಾನೆ ಅಂದುಕೊಂಡೆ.

"ಬೇಡಪ್ಪ," ಎಂದ. "ಹೊಸ ಕಾರು ತಂದ ದಿನ ಆಸ್ಪತ್ರೆಯಿಂದ ಬರ್ತಾ ಅವಳು ನಿದ್ದೆ ಹೋದ್ಲು. ಬಾಯಿ ಬಿಟ್ಕೊಂಡು, ಮಗು ಥರ. ಎಷ್ಟು ತಿಂಗಳಾಗಿತ್ತೋ ಹಂಗೆ ಮಲಗಿ. ಮನೆ ಬಂದ್ರೂ ಎಬ್ಬಿಸ್ಲಿಲ್ಲ, ಊರೆಲ್ಲ ಸುತ್ತಾಡಿಸ್ದೆ." ನನ್ನ ಕಡೆ ತಿರುಗಿ ಕೇಳಿದ, "ಆ ಚಿಕ್ಕ ಕಾರನ್ನ ಮೊದ್ಲೇ ಯಾಕೋ ತರ್ಲಿಲ್ಲ ನಾನು?"

ಅವನು ಪ್ಯೂಜೊ ಕೀಲಿಯನ್ನು ದೆಂಬಾನ ಕೈಗಿತ್ತು, ಹೋಗಿ ಬಿಳಿ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡ. ಗಾಜುಗಳೆಲ್ಲ ಮುಚ್ಚಿದ್ದವು. ಅವನ ಹೆಗಲು ಕುಲುಕುತ್ತಿದ್ದದ್ದು ಕಾಣುತ್ತಿತ್ತು, ದನಿ ಮಾತ್ರ ಹೊರಗೆ ಬರಲಿಲ್ಲ.